ಕಾಲಿನ ಅಳತೆ

ಕಾಲುಚೀಲ ಎಂಬ ಮಾತನ್ನು ಕೇಳಿದೊಡನೆ ಯಾರಿಗೂ ಇತಿಹಾಸ ನೆನಪಾಗುವುದಿಲ್ಲ. ಕಿರೀಟಕ್ಕೆ ಇತಿಹಾಸವುಂಟು. ಪಾದುಕೆಗೂ ಉಂಟು; ಭರತನು ಅದನ್ನು ಸಿಂಹಾಸನದ ಮೇಲಿರಿಸಿ ಹದಿನಾಲ್ಕು ವರ್ಷ ರಾಜ್ಯಭಾರ ಮಾಡಿದ. ಕಾಲುಚೀಲವಾದರೋ ಪಾದರಕ್ಷೆಯೊಳಗೆ ಅಡಗಿ ಕುಳಿತು, ಹೆಬ್ಬೆರಳು ಹೊರಗಿಣುಕಿದಾಗ ಮಾತ್ರ ಗಮನಕ್ಕೆ ಬರುವ ವಸ್ತು. ನಮ್ಮ ಭಾಷೆಯೂ ಅದಕ್ಕೆ ಹೆಚ್ಚಿನ ಮರ್ಯಾದೆ ಕೊಟ್ಟಿಲ್ಲ. ಅಕ್ಕಿಗೊಂದು ಚೀಲ, ಎಲೆಯಡಿಕೆಗೊಂದು ಚೀಲ, ಕಾಲಿಗೊಂದು ಚೀಲ ಎಂದು ಹೇಳಿ ಸುಮ್ಮನಾಗಿದೆ.

ಆದರೆ ಒಂದು ವ್ಯತ್ಯಾಸವಿದೆ. ತನ್ನೊಳಗೆ ಏನು ಬೀಳಲಿದೆ ಎಂಬುದು ಅಕ್ಕಿಯ ಚೀಲಕ್ಕೆ ಮೊದಲೇ ತಿಳಿದಿರಬೇಕಾಗಿಲ್ಲ. ಕಾಲುಚೀಲಕ್ಕೆ ತಿಳಿದಿರಬೇಕು. ಇದನ್ನು ನನಗೆ ಮೊದಲು ತೋರಿಸಿಕೊಟ್ಟವರು ನನ್ನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಮಲೆನಾಡಿನ ನಮ್ಮ ಮನೆಗೆ ಬಂದು ನೆಲೆಸಿದವರು. ಮಳೆಗಾಲದ ಸಂಜೆಗಳಲ್ಲಿ ಜಗುಲಿಯ ಕಂಬಕ್ಕೆ ಒರಗಿ ಕುಳಿತು ಉಣ್ಣೆಯ ನೂಲಿನಿಂದ ಹೆಣೆಯುತ್ತಿದ್ದರು. ಸ್ವೆಟರಾದರೆ ಒಂದು ಸುತ್ತು ಹೆಚ್ಚಾದರೂ ನಡೆಯುತ್ತದೆ, ಕಾಲುಚೀಲಕ್ಕೆ ಹಾಗಲ್ಲ ಎಂದು ಅವರು ಹೇಳುವುದಿತ್ತು. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಒಂದು ದಾರ ಹಿಡಿದು ಅಲ್ಲೊಂದು ಗಂಟು ಹಾಕುವರು. ಅದೇ ದಾರದಲ್ಲಿ ಪಾದವನ್ನು ಸುತ್ತುಹಾಕಿ ಇನ್ನೊಂದು ಗಂಟು. ಟೇಪು ಮನೆಯಲ್ಲಿದ್ದರೂ ಅವರು ಅದನ್ನು ಮುಟ್ಟಿದವರಲ್ಲ.

ಹೆಣಿಗೆಯ ಬಗೆಗೆ ಇಲ್ಲಿ ಎರಡು ಮಾತು ಹೇಳಬೇಕು. ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ದಿಕ್ಕಿನ ನೂಲುಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹೆಣಿಗೆಯಲ್ಲಿರುವುದು ಒಂದೇ ಎಳೆ. ಅದು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ, ಸುತ್ತಿನ ಮೇಲೆ ಸುತ್ತು ಬೆಳೆಯುತ್ತ ಹೋಗುತ್ತದೆ. ಆದುದರಿಂದಲೇ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ತುದಿಯನ್ನು ಹಿಡಿದೆಳೆದರೆ ಪೂರ್ತಿಯಾಗಿ ಬಿಚ್ಚಿಕೊಂಡು ಮತ್ತೆ ನೂಲಾಗುತ್ತದೆ. ನಾಲ್ಕೈದು ಕಡ್ಡಿಗಳ ಮೇಲೆ ಕೊಳವೆಯಂತೆ ಹೆಣೆಯುತ್ತ ಹೋಗುವುದು ಸುಲಭ. ಕಷ್ಟವಿರುವುದು ಹಿಮ್ಮಡಿಯಲ್ಲಿ. ಕಾಲು ಅಲ್ಲಿ ತಿರುಗುತ್ತದೆ, ಕೊಳವೆಯೂ ತಿರುಗಬೇಕು. ಅದಕ್ಕಾಗಿ ಅರ್ಧದಷ್ಟು ಕುಣಿಕೆಗಳನ್ನು ಸುಮ್ಮನೆ ನಿಲ್ಲಿಸಿ, ಉಳಿದರ್ಧದ ಮೇಲೆ ಮಾತ್ರ ಹಿಂದಕ್ಕೂ ಮುಂದಕ್ಕೂ ಹೆಣೆದು ಒಂದು ಬಟ್ಟಲನ್ನು ಮೂಡಿಸಬೇಕು. ಬಟ್ಟಲು ಆಳವಾದರೆ ಸುಕ್ಕು ಬಿದ್ದು ಬೊಬ್ಬೆ ಏಳುತ್ತದೆ; ಆಳ ಸಾಲದಿದ್ದರೆ ಇಡೀ ಚೀಲ ಪಾದರಕ್ಷೆಯೊಳಗೆ ಜಾರುತ್ತದೆ. ಹೀಗಾಗಿ ಕಾಲುಚೀಲವನ್ನು ಹೆಣೆಯುವವರು ಕಾಲನ್ನು ಬಲ್ಲವರಾಗಿರಬೇಕು. ಒಬ್ಬರ ಪಾದವನ್ನು ಅಷ್ಟು ಹತ್ತಿರದಿಂದ ಬಲ್ಲವರು ಲೋಕದಲ್ಲಿ ಎಷ್ಟು ಮಂದಿ ಇರುತ್ತಾರೆ?

ಬಲ್ಲವರು ದೂರದಲ್ಲಿರುವವರಿಗೆ ಕಾಲುಚೀಲ ಕಳುಹಿಸಿದ ಒಂದು ಹಳೆಯ ದಾಖಲೆ ಇಂಗ್ಲೆಂಡಿನ ಉತ್ತರದ ಮಣ್ಣಿನಲ್ಲಿ ದೊರೆತಿದೆ. ಅಲ್ಲಿ ವಿಂಡೋಲಾಂಡ ಎಂಬಲ್ಲಿ ರೋಮನರ ಒಂದು ಕೋಟೆಯಿತ್ತು. 1973ರಲ್ಲಿ ರಾಬಿನ್ ಬರ್ಲಿ ಎಂಬ ಪುರಾತತ್ವಜ್ಞರು ಅಲ್ಲಿ ಅಗೆಯುತ್ತಿದ್ದಾಗ, ಗಾಳಿಯಾಡದ ಒದ್ದೆ ನೆಲದಲ್ಲಿ ಮರದ ತೆಳುವಾದ ಸಿಬಿರುಗಳು ಸಿಕ್ಕವು. ಒಂದಕ್ಕೊಂದು ಅಂಟಿಕೊಂಡಿದ್ದವುಗಳನ್ನು ಬಿಡಿಸಿ ನೋಡಿದರೆ ಒಳಮೈಯಲ್ಲಿ ಮಸಿಯ ಬರಹ! ಗಾಳಿ ಸೋಕಿದೊಡನೆ ಅಕ್ಷರಗಳು ಮಾಸತೊಡಗಿದವು. ಆಮೇಲೆ ಅವಗೆಂಪು ಬೆಳಕಿನಲ್ಲಿ ಛಾಯಾಚಿತ್ರ ತೆಗೆದು ಓದಬೇಕಾಯಿತು. ಮೊದಮೊದಲು ಓದಲಾದ ಪತ್ರಗಳಲ್ಲಿ ಒಂದರಲ್ಲಿದ್ದುದು ಯುದ್ಧದ ಸುದ್ದಿಯಲ್ಲ, ಚಕ್ರವರ್ತಿಯ ಆಜ್ಞೆಯಲ್ಲ. ನಿನಗೆ ಇಷ್ಟು ಜೊತೆ ಕಾಲುಚೀಲ, ಎರಡು ಜೊತೆ ಮೆಟ್ಟು, ಎರಡು ಒಳಚಡ್ಡಿ ಕಳುಹಿಸಿದ್ದೇನೆ ಎಂಬ ಒಕ್ಕಣೆ. ಕೊನೆಯಲ್ಲಿ ಜೊತೆಯವರ ಹೆಸರು ಹಿಡಿದು ಕ್ಷೇಮಸಮಾಚಾರ. ನೀವೆಲ್ಲರೂ ಒಟ್ಟಾಗಿ ಸುಖವಾಗಿರಿ ಎಂಬ ಹಾರೈಕೆ.

ಈ ಪತ್ರ ಸುಮಾರು ಕ್ರಿ.ಶ. 100ರ ಆಸುಪಾಸಿನದು. ಹೇಡ್ರಿಯನ್ ಚಕ್ರವರ್ತಿಯ ಹೆಸರಾಂತ ಗೋಡೆಯ ಕೆಲಸ ಅಲ್ಲಿ ಮೊದಲಾದದ್ದು 122ರಲ್ಲಿ. ಎಂದರೆ ಗೋಡೆಗಿಂತ ಮೊದಲೇ ಕಾಲುಚೀಲ ಅಲ್ಲಿಗೆ ತಲುಪಿತ್ತು. ಪತ್ರದ ತಲೆಯೂ ಬುಡವೂ ಮುರಿದುಹೋಗಿವೆ. ಬರೆದವರು ತಾಯಿಯೋ ಅಣ್ಣನೋ ಗೆಳೆಯನೋ, ಆ ಹೆಸರು ಮುರಿದ ತುಂಡಿನೊಂದಿಗೆ ಹೋಯಿತು. ಮೆಟ್ಟಿನ ಲೆಕ್ಕ ಉಳಿದಿದೆ, ಒಳಚಡ್ಡಿಯ ಲೆಕ್ಕ ಉಳಿದಿದೆ. ಕಾಲುಚೀಲ ಎಷ್ಟು ಜೊತೆ ಎಂಬ ಅಂಕಿ ಮಾತ್ರ ಅಳಿಸಿದೆ. ಅಲ್ಲಿ ಕಾವಲಿದ್ದವರು ಇಂದಿನ ಹಾಲೆಂಡ್ ಮತ್ತು ಬೆಲ್ಜಿಯಂ ಸೀಮೆಗಳಿಂದ ಬಂದ ಪಡೆಗಳವರು. ಅವರಲ್ಲೊಬ್ಬನ ಕಾಲಿಗೆ ಚಳಿಯಾಗುತ್ತಿದೆ ಎಂದು ದೂರದಲ್ಲಿ ಯಾರಿಗೋ ಅನಿಸಿತು. ಅದಿಷ್ಟೇ ಆ ಪತ್ರದ ಐತಿಹಾಸಿಕ ಮಹತ್ವ. ನನ್ನ ಮಟ್ಟಿಗೆ ಅದು ಅನೇಕ ಶಾಸನಗಳಿಗಿಂತ ಮಿಗಿಲು.

ರೋಮನ್ನರಲ್ಲಿ ಕಾಲುಚೀಲ ಉಡುಗೊರೆಯ ವಸ್ತುವೂ ಆಗಿತ್ತೆಂಬುದಕ್ಕೆ ಮಾರ್ಷಿಯಲ್ ಕವಿ ಸಾಕ್ಷಿ. ಅವರ ಚಳಿಗಾಲದ ಹಬ್ಬದಲ್ಲಿ ಕೊಡುವ ಉಡುಗೊರೆಗಳ ಜೊತೆಗೆ ಇಡಲೆಂದು ಆತ ಎರಡೆರಡು ಸಾಲಿನ ಚುಟುಕಗಳನ್ನು ಬರೆದಿದ್ದಾನೆ. ಅವುಗಳಲ್ಲೊಂದು ಹೋತನ ಕೂದಲಿನಿಂದ ಮಾಡಿದ ಕಾಲುಚೀಲದ ಮೇಲಿದೆ. ಬೆಚ್ಚಗಂತೂ ಇದ್ದೀತು, ವಾಸನೆಯ ಮಾತು ಬೇರೆ.

ಆದರೆ ಒಂದು ವಿಚಾರವನ್ನು ಮರೆಮಾಚುವಂತಿಲ್ಲ. ಆ ರೋಮನ್ ಕಾಲುಚೀಲಗಳು ನಾವಿಂದು ಹೇಳುವ ಅರ್ಥದಲ್ಲಿ ಹೆಣೆದವಲ್ಲ. ವಿಂಡೋಲಾಂಡದಲ್ಲಿಯೇ ಮಗುವಿನ ಕಾಲುಚೀಲವೊಂದು ಸಿಕ್ಕಿದೆ. ಅದು ನೇಯ್ದ ಉಣ್ಣೆಬಟ್ಟೆಯ ತುಂಡುಗಳನ್ನು ಕತ್ತರಿಸಿ ಹೊಲಿದದ್ದು. ಈಜಿಪ್ಟಿನ ಒಣಮರಳಿನಲ್ಲಿ ಉಳಿದುಬಂದ ಮೂರು, ನಾಲ್ಕನೆಯ ಶತಮಾನದ ಕಾಲುಚೀಲಗಳು ಹೆಣಿಗೆಗೆ ಇನ್ನಷ್ಟು ಹತ್ತಿರ. ಒಂದೇ ದಪ್ಪ ಸೂಜಿಯಿಂದ ಕುಣಿಕೆಗೆ ಕುಣಿಕೆ ಕೋದು ಮಾಡಿದಂಥವು. ಚಪ್ಪಲಿಯ ಬಾರು ಹಾಯಲೆಂದು ಹೆಬ್ಬೆರಳಿಗೆ ಬೇರೆ ಮನೆ ಬಿಟ್ಟಿರುತ್ತಾರೆ. ಅವುಗಳಲ್ಲಿ ಆಂಟಿನೋಪೊಲಿಸ್ ಎಂಬ ಊರಿನ ತಿಪ್ಪೆಯಲ್ಲಿ ಸಿಕ್ಕಿದ ಮಗುವಿನ ಎಡಗಾಲಿನ ಚೀಲವೊಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 2018ರಲ್ಲಿ ಅದರ ಬಣ್ಣಗಳನ್ನು ಪರೀಕ್ಷಿಸಿ ನೋಡಿದರು. ಪಟ್ಟೆಪಟ್ಟೆಯಾಗಿ ಏಳು ಬಣ್ಣದ ಉಣ್ಣೆ. ಬಣ್ಣಗಾರನ ಬಳಿ ಇದ್ದುದು ಕೆಂಪು, ನೀಲಿ, ಹಳದಿಯ ಮೂರೇ ಗಿಡಗಳು. ಅವನ್ನೇ ಬೆರಸಿ, ಒಂದರ ಮೇಲೊಂದು ಅದ್ದಿ ಉಳಿದ ಬಣ್ಣಗಳನ್ನು ಬರಿಸಿದ್ದರು. ಅಂಗೈಯಗಲದ ಕಾಲಿಗೆ ಏಳು ಬಣ್ಣ! ನಡೆಯಲು ಕಲಿಯುವ ಕೂಸಿನ ಕಾಲನ್ನು ಎತ್ತಿ ಹಿಡಿದು ನೋಡಿದವರೇ ಅದನ್ನು ಮಾಡಿರಬೇಕು ಎನ್ನಿಸುತ್ತದೆ.

ಕಡ್ಡಿಗಳಿಂದ ಹೆಣೆದ ನಿಜವಾದ ಹೆಣಿಗೆಯ ಹಳೆಯ ಮಾದರಿಗಳೂ ಈಜಿಪ್ಟಿನವೇ. ಹನ್ನೊಂದನೆಯ ಶತಮಾನದಿಂದ ಈಚಿನ, ಬಿಳಿ ಹತ್ತಿಗೆ ನೀಲಿ ಹತ್ತಿ ಸೇರಿಸಿ ಚಿತ್ತಾರ ತೆಗೆದ ಕಾಲುಚೀಲಗಳು. ಅಲ್ಲಿಂದ ಈ ವಿದ್ಯೆ ಯೂರೋಪಿಗೆ ಹಬ್ಬಿದ ದಾರಿಯನ್ನು ಇಲ್ಲಿ ಬೆಳೆಸುವುದಿಲ್ಲ. ಮುಂದೆ ಆದ ಒಂದು ತಿರುವನ್ನು ಮಾತ್ರ ಹೇಳಬೇಕು. 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದ. ಅವನು ಪ್ರೀತಿಸಿದ ಹುಡುಗಿ ತಲೆಯೆತ್ತಿ ನೋಡದೆ ಸದಾ ಹೆಣೆಯುತ್ತಲೇ ಇದ್ದುದರಿಂದ ಬೇಸತ್ತು ಆ ಕಡ್ಡಿಗಳ ಮೇಲೆ ಸೇಡು ತೀರಿಸಿಕೊಂಡನೆಂದು ಒಂದು ಕಥೆ. ಕಥೆ ಸೊಗಸಾಗಿದೆ, ನಂಬಬೇಕಾಗಿಲ್ಲ. ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ಕೊಡಲಿಲ್ಲ, ಕೈಹೆಣಿಗೆಯ ಬಡವರ ಅನ್ನ ಹೋದೀತೆಂದು ಹಿಂಜರಿದಳು ಎನ್ನುತ್ತಾರೆ. ಲೀ ಫ್ರಾನ್ಸಿಗೆ ಹೋದ, ಅಲ್ಲಿಯೇ ತೀರಿಕೊಂಡ. ಯಂತ್ರ ಮಾತ್ರ ಇಂಗ್ಲೆಂಡಿಗೆ ಹಿಂದಿರುಗಿ ಬೆಳೆಯಿತು.

ಯಂತ್ರಕ್ಕೆ ಯಾರ ಕಾಲೂ ಗೊತ್ತಿಲ್ಲ. ಆದರೂ ಎರಡು ಶತಮಾನಗಳ ಕಾಲ ಅದನ್ನು ನಡೆಸುತ್ತಿದ್ದ ಕಸಬುದಾರರು ಮೀನಖಂಡದಲ್ಲಿ ಕುಣಿಕೆ ಹೆಚ್ಚಿಸಿ, ಹರಡಿನ ಬಳಿ ತಗ್ಗಿಸಿ, ಕಾಲಿನ ಆಕಾರವನ್ನು ಹೆಣಿಗೆಯಲ್ಲಿಯೇ ತರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕೆಲವು ಮಾಲಿಕರು ಅಗಲವಾದ ಬಟ್ಟೆಯನ್ನು ಹೆಣೆಸಿ, ಅದನ್ನು ಕತ್ತರಿಯಿಂದ ಕಾಲಿನ ಆಕಾರಕ್ಕೆ ಕತ್ತರಿಸಿ, ಹೊಲಿದು ಅಗ್ಗಕ್ಕೆ ಮಾರತೊಡಗಿದರು. ಹೊಲಿಗೆ ಬಿಟ್ಟೊಡನೆ ಅವು ಬಿಚ್ಚಿಕೊಳ್ಳುತ್ತಿದ್ದವು. ಕಸಬಿಗೆ ಕೆಟ್ಟ ಹೆಸರು, ಕೂಲಿಗೆ ಕತ್ತರಿ. 1811ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಹೆಣಿಗೆಗಾರರು ರಾತ್ರಿಯ ಹೊತ್ತು ನುಗ್ಗಿ ಯಂತ್ರಗಳನ್ನು ಒಡೆಯಲು ಮೊದಲುಮಾಡಿದ್ದಕ್ಕೆ ಇದೂ ಒಂದು ಕಾರಣ. ಲಡ್ಡೈಟ್ ಎಂದರೆ ಯಂತ್ರದ್ವೇಷಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರು ಯಂತ್ರದ ಮೇಲೆಯೇ ಬದುಕಿದವರು; ಅವರ ಸಿಟ್ಟು ಕಾಲಿಗೆ ಹೊಂದದ ಕಾಲುಚೀಲದ ಮೇಲೆಯೂ ಇತ್ತು. ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಮಸೂದೆ ಬಂದಾಗ, 1812ರ ಫೆಬ್ರವರಿ 27ರಂದು ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು ವಿರೋಧಿಸಿದವನು ಇಪ್ಪತ್ತನಾಲ್ಕು ವರ್ಷದ ಬೈರನ್ ಕವಿ. ಅದು ಆ ಸಭೆಯಲ್ಲಿ ಅವನ ಮೊದಲ ಭಾಷಣ. ಮಸೂದೆ ಕಾಯಿದೆಯಾಯಿತು.

ಮುಂದಿನ ಶತಮಾನದಲ್ಲಿ ಬಲ್ಲವರ ಕಾಲೂ ಬಲ್ಲದವರ ಕಾಲೂ ಒಂದೇ ಕೆಸರಿನಲ್ಲಿ ನಿಂತವು. 1914ರ ಆಗಸ್ಟ್ 4ರಂದು ಬ್ರಿಟನ್ ಮಹಾಯುದ್ಧಕ್ಕಿಳಿಯಿತು. ಯುದ್ಧಮಂತ್ರಿಯಾಗಿ ಬಂದವನು ಲಾರ್ಡ್ ಕಿಚನರ್. 1902ರಿಂದ 1909ರವರೆಗೆ ಭಾರತದ ಸೇನಾಧಿಪತಿಯಾಗಿದ್ದು, ಕರ್ಜನನೊಡನೆ ಹೋರಾಡಿ ಆ ವೈಸರಾಯಿ ರಾಜೀನಾಮೆ ಕೊಡುವಂತೆ ಮಾಡಿದವನು. ಅದೇ ಶರತ್ಕಾಲದಲ್ಲಿ ಸೈನಿಕರಿಗಾಗಿ 3,00,000 ಜೊತೆ ಕಾಲುಚೀಲಗಳು ಬೇಕೆಂದು ಮೇರಿ ರಾಣಿಯ ಹೆಸರಿನಲ್ಲಿ ಕರೆ ಹೊರಟಿತು. ಹೆಂಗಸರು, ಶಾಲೆಯ ಹುಡುಗಿಯರು, ಗಾಯಗೊಂಡು ಮಲಗಿದ್ದ ಗಂಡಸರು ಕೂಡ ಕಡ್ಡಿ ಹಿಡಿದರು. ರೈಲಿನಲ್ಲಿ, ಚರ್ಚಿನಲ್ಲಿ, ಸಭೆಗಳಲ್ಲಿ ಹೆಣಿಗೆಯೇ ಹೆಣಿಗೆ. ಇದಕ್ಕೂ ಎದುರುಮಾತು ಬರದೆ ಇರಲಿಲ್ಲ. ಕಾರ್ಮಿಕ ನಾಯಕಿ ಮೇರಿ ಮೆಕಾರ್ಥರ್, ಶ್ರೀಮಂತರ ಮನೆಯ ಹೆಂಗಸರು ಪುಕ್ಕಟೆಯಾಗಿ ಹೆಣೆದು ಹೊಲಿದು ಕೊಟ್ಟರೆ ಅದೇ ಕೆಲಸದಿಂದ ಹೊಟ್ಟೆ ಹೊರೆಯುವ ಹೆಂಗಸರ ಗತಿಯೇನು ಎಂದು ಕೇಳಿದಳು. ರಾಣಿ ಆ ಮಾತನ್ನು ಕೇಳಿಸಿಕೊಂಡು, ಕೆಲಸ ಕಳೆದುಕೊಂಡ ಹೆಂಗಸರಿಗಾಗಿ ಬೇರೆ ನಿಧಿಯನ್ನೇ ತೆರೆದಳೆಂಬುದು ಅವಳಿಗೆ ಸಲ್ಲಬೇಕಾದ ಮಾತು.

ಆ ಕಾಲುಚೀಲಗಳು ಶೋಕಿಗಲ್ಲ. ಕಂದಕಗಳಲ್ಲಿ ಮೊಣಕಾಲುದ್ದ ತಣ್ಣೀರಿನಲ್ಲಿ ದಿನಗಟ್ಟಲೆ ನಿಂತವರ ಪಾದಗಳಿಗೆ ರಕ್ತ ಹರಿಯುವುದು ನಿಂತು, ಊದಿ, ನೀಲಿಗಟ್ಟಿ, ಕೊನೆಗೆ ಕೊಳೆಯುತ್ತಿದ್ದವು. ಟ್ರೆಂಚ್ ಫುಟ್ ಎಂದು ಅದಕ್ಕೆ ಹೆಸರಾಯಿತು. ಮೊದಲ ಚಳಿಗಾಲದಲ್ಲಿಯೇ ಬ್ರಿಟಿಷ್ ಸೇನೆಯಲ್ಲಿ ಸುಮಾರು 20,000 ಮಂದಿ ಇದಕ್ಕೆ ತುತ್ತಾದರು. ಬೆರಳು, ಪಾದ ಕತ್ತರಿಸಬೇಕಾದವರೂ ಇದ್ದರು. ಇದಕ್ಕೆ ಕಂಡುಕೊಂಡ ಉಪಾಯ ಮದ್ದಲ್ಲ, ಒಣ ಕಾಲುಚೀಲ. ಸೈನಿಕರನ್ನು ಇಬ್ಬಿಬ್ಬರಾಗಿ ಜೋಡಿಮಾಡಿ, ಒಬ್ಬರ ಕಾಲನ್ನು ಇನ್ನೊಬ್ಬರು ಒರೆಸಿ, ತಿಮಿಂಗಿಲದ ಎಣ್ಣೆ ತಿಕ್ಕಿ, ಕಾಲುಚೀಲ ಬದಲಿಸಬೇಕೆಂದು ಆಜ್ಞೆಯಾಯಿತು. ಹಾಗೆ ನಡೆಯಿತೇ ಎಂದು ನೋಡುವುದು ಅಧಿಕಾರಿಯ ಹೊಣೆ. ತಾಯಂದಿರು ಮಾಡುವ ಕೆಲಸವನ್ನು ಸೇನೆಯ ನಿಯಮಾವಳಿಗೆ ಸೇರಿಸಿದ ಸಂದರ್ಭ ಇದೊಂದೇ ಇರಬಹುದು. 1914ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ನಮ್ಮ ಲಾಹೋರ್ ಮತ್ತು ಮೀರತ್ ಡಿವಿಷನ್ನುಗಳ ಸಿಪಾಯಿಗಳೂ ಅದೇ ಚಳಿಗಾಲವನ್ನು ಅದೇ ಕಂದಕಗಳಲ್ಲಿ ಕಳೆದರು. ಅವರ ಮನೆಯವರಿಗೆ ಆ ಚಳಿಯ ಕಲ್ಪನೆಯೂ ಇರಲಿಲ್ಲ. ಅವರಿಗೆ ಬೆಚ್ಚನೆಯ ಉಡುಪು ಬಂದದ್ದು ಲಂಡನ್ನಿನಲ್ಲಿ ಏರ್ಪಟ್ಟ ನಿಧಿಯೊಂದರಿಂದ, ಗುರುತಿಲ್ಲದವರ ಕೈಯಿಂದ.

ಗುರುತಿಲ್ಲದ ಕಾಲಿಗೆ ಹೆಣೆಯುವುದು ಹೇಗೆ? ಅಳತೆಗಳನ್ನು ಅಚ್ಚುಹಾಕಿ ಹಂಚಿದರು. ಪಾದ ಇಷ್ಟು ಅಂಗುಲ, ಕಾಲು ಇಷ್ಟು ಅಂಗುಲ. ಬೆರಳಿನ ತುದಿಯಲ್ಲಿ ಹೊಲಿಗೆಯ ಗಂಟು ಉಳಿದರೆ ಬೂಟಿನೊಳಗೆ ಒತ್ತಿ ಗಾಯವಾಗುತ್ತದೆಂದು, ಎರಡು ಸಾಲು ಕುಣಿಕೆಗಳನ್ನು ಗುರುತೇ ಸಿಗದಂತೆ ಬೆಸೆಯುವ ಹೆಣಿಗೆಗೆ ಇಂದಿಗೂ ಕಿಚನರ್ ಹೊಲಿಗೆ ಎಂದೇ ಹೆಸರು. ಆತನೇ ಅದನ್ನು ರೂಪಿಸಿದನೆಂದು ಹೇಳುವವರುಂಟು. ಆ ಬೆಸುಗೆ ಅವನ ಯುದ್ಧಕ್ಕಿಂತ ಹಿಂದಿನದು, ಹೆಸರು ಈಚಿನದು. ಹೆಸರಿಲ್ಲದ ಹೆಂಗಸರ ಕೈಚಳಕಕ್ಕೆ ಸೇನಾಪತಿಯ ಹೆಸರು ಬಿದ್ದದ್ದು ಇದೇ ಮೊದಲಲ್ಲ, ಬಿಡಿ. ಆದರೆ ಹೆಣೆದವರು ಸುಮ್ಮನಿರಲಿಲ್ಲ. ಕಾಲುಚೀಲದ ಬೆರಳಿನ ತುದಿಯಲ್ಲಿ ಒಂದು ಚೀಟಿ, ಒಂದೆರಡು ಸಿಗರೇಟು ತುರುಕಿ ಕಳುಹಿಸುತ್ತಿದ್ದರು. ಯಾರೋ ಒಬ್ಬನ ಕಾಲು ತಗುಲಿದಾಗ ಆ ಚೀಟಿ ಸಿಗಬೇಕು, ಗುರುತಿಲ್ಲದವನು ಗುರುತಿನವನಾಗಬೇಕು.

ಇಲ್ಲೊಂದು ಕಹಿಯಾದ ಮಾತನ್ನೂ ಹೇಳಬೇಕು. 1915ರಲ್ಲಿ ಜೆಸ್ಸಿ ಪೋಪ್ ಎಂಬಾಕೆ ಕಾಲುಚೀಲದ ಮೇಲೆಯೇ ಒಂದು ಕವಿತೆ ಬರೆದಳು. ಕಡ್ಡಿಯಾಡಿಸುವ ಹೆಂಗಸೊಬ್ಬಳ ಮನಸ್ಸಿನಲ್ಲಿ ಕುಣಿಕೆಗಳ ಎಣಿಕೆಯೂ ರಣರಂಗದ ಹುಡುಗನ ಚಿಂತೆಯೂ ಹೆಣೆದುಕೊಳ್ಳುವ ಕವಿತೆ; ಓದಿದರೆ ಮನಸ್ಸು ಕರಗುತ್ತದೆ. ಅದೇ ಲೇಖನಿ, ಸೇನೆಗೆ ಸೇರದ ಹುಡುಗರನ್ನು ಹಂಗಿಸುವ ಪದ್ಯಗಳನ್ನೂ ಬರೆಯಿತು. ಯುದ್ಧದ ಹಿರಿಮೆಯ ಹಳೆಯ ಸುಳ್ಳನ್ನು ಬಯಲಿಗೆಳೆದ ವಿಲ್ಫ್ರೆಡ್ ಓವೆನ್ನನ ಪ್ರಸಿದ್ಧ ಕವಿತೆಯ ಕರಡಿನ ಮೇಲೆ ಆಕೆಯ ಹೆಸರಿಗೆ ವ್ಯಂಗ್ಯದ ಅರ್ಪಣೆಯಿದೆ. ಓವೆನ್ 1918ರ ನವೆಂಬರ್ 4ರಂದು ಸತ್ತ. ತಂತಿ ಅವನ ತಾಯಿಯ ಕೈಗೆ ಬಂದದ್ದು ಕದನವಿರಾಮದ ಗಂಟೆಗಳು ಮೊಳಗುತ್ತಿದ್ದ ನವೆಂಬರ್ 11ರಂದು. ಕಾಲನ್ನು ಬೆಚ್ಚಗಿಡಲು ಹೆಣೆದದ್ದು ನಿಜ. ಆ ಕಾಲನ್ನು ಕಂದಕದವರೆಗೆ ನಡೆಸಿದ ಮಾತುಗಳೂ ಎಷ್ಟೋ ವೇಳೆ ಅದೇ ಜಗುಲಿಯಲ್ಲಿ ಹುಟ್ಟಿದವು. ಎರಡನ್ನೂ ಒಟ್ಟಿಗೆ ನೆನೆಯದೆ ಈ ಚರಿತ್ರೆಯನ್ನು ಹೇಳಲಾಗದು.

ನಮ್ಮ ದೇಶದ ಮನೆಗಳಿಗೆ ಕಡ್ಡಿಯ ಹೆಣಿಗೆ ಹರಡಿದ್ದರಲ್ಲಿ ಹತ್ತೊಂಬತ್ತನೆಯ ಶತಮಾನದ ಮಿಷನ್ ಶಾಲೆಗಳ ಪಾಲು ದೊಡ್ಡದು. ಹಿಮಾಚಲದ ಲಾಹೌಲ್ ಕಣಿವೆಯ ಕೇಲಾಂಗಿನಲ್ಲಿ ಮೊರೇವಿಯನ್ ಪಂಥದ ಮರಿಯಾ ಹೈಡೆ ಎಂಬ ಮಹಿಳೆ ಅಲ್ಲಿಯ ಹೆಂಗಸರಿಗೆ ಕಾಲುಚೀಲ ಹೆಣೆಯುವುದನ್ನು ಕಲಿಸಿದಳು. 2020ರಲ್ಲಿ ಸುರಂಗಮಾರ್ಗ ತೆರೆಯುವವರೆಗೆ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿ, ಚಳಿಗಾಲದ ತಿಂಗಳುಗಳಲ್ಲಿ ಹೊರಲೋಕದ ಸಂಪರ್ಕವೇ ಇಲ್ಲದ ನಾಡು ಅದು. ಆ ತಿಂಗಳುಗಳಲ್ಲಿ ಹೆಣೆದ ಬಣ್ಣಬಣ್ಣದ ಲಾಹೌಲಿ ಕಾಲುಚೀಲಕ್ಕೆ ಈಗ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ನಮ್ಮ ಕರಾವಳಿಗೆ 1834ರಲ್ಲಿ ಬಂದದ್ದು ಬಾಸೆಲ್ ಮಿಷನ್. ಕಿಟ್ಟೆಲ್ಲರ ನಿಘಂಟಿನಿಂದಾಗಿ ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಮನೆಮಾತು. ನನ್ನ ಅತ್ತೆ ಮದುವೆಗೆ ಮುಂಚೆ ಮಂಗಳೂರಿನ ನೆಂಟರ ಮನೆಯಲ್ಲಿದ್ದಾಗ ಮಿಷನ್ ಶಾಲೆಯ ಉಪಾಧ್ಯಾಯಿನಿಯೊಬ್ಬರಿಂದ ಹೆಣಿಗೆ ಕಲಿತರು. ಮನೆಯ ಹಿರಿಯರು ಮೊದಲು ಮುಖ ಸಿಂಡರಿಸಿದರಂತೆ. ಆಮೇಲೆ, ಉಣ್ಣೆಗೆ ಮೈಲಿಗೆಯಿಲ್ಲವಷ್ಟೆ ಎಂದು ತಾವೇ ಸಮಾಧಾನ ಹೇಳಿಕೊಂಡರಂತೆ.

1962ರ ಅಕ್ಟೋಬರ್ 20ರಂದು ಚೀನದ ದಾಳಿ ಮೊದಲಾಯಿತು. ಹಿಮದ ಎತ್ತರಗಳಲ್ಲಿ ನಮ್ಮ ಜವಾನರು ಹತ್ತಿಯ ಉಡುಪು, ಕ್ಯಾನ್ವಾಸ್ ಬೂಟುಗಳಲ್ಲಿ ಕಾದುತ್ತಿದ್ದಾರೆ ಎಂಬ ಸುದ್ದಿ ದೇಶವನ್ನು ಕಲಕಿತು. ಊರೂರಿನಲ್ಲಿ ಹೆಂಗಸರು ಉಣ್ಣೆ ಹಿಡಿದು ಕುಳಿತರು. ನಾನಾಗ ಶಾಲೆಯ ಹುಡುಗ. ಅತ್ತೆ ಶಿವಮೊಗ್ಗದಿಂದ ಬೂದಿಬಣ್ಣದ ನೂಲು ತರಿಸಿದರು. ಮೊದಲ ಸಂಜೆ ನೂಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಒಳಗೆ ಹೋಗಿ ಪತ್ರಿಕೆ ಓದುತ್ತಿದ್ದ ನಮ್ಮ ತಂದೆಯ ಎದುರು ಕುಳಿತು, "ಅಣ್ಣಯ್ಯ, ಕಾಲು ಚಾಚು" ಎಂದರು.

"ನನಗ್ಯಾಕೆ? ಜವಾನರಿಗಲ್ಲವೇನೇ?"

"ಯಾರದ್ದಾದರೂ ಒಂದು ಕಾಲು ಬೇಕಲ್ಲ."

ದಾರ ಹಿಡಿದು ಎರಡು ಗಂಟು ಹಾಕಿದರು. ಆ ಅಳತೆಗೆ ಆರು ಜೊತೆ ಹೆಣೆದು, ಶಾಲೆಯಲ್ಲಿ ಸಂಗ್ರಹಿಸುತ್ತಿದ್ದ ಗಂಟಿಗೆ ಹಾಕಿ ಬಂದವನು ನಾನು. ಅಷ್ಟರಲ್ಲಿ ಯುದ್ಧ ನಿಂತಿತ್ತು. ಅವು ಯಾವ ಬೆಟ್ಟಕ್ಕೆ ಹೋದವೋ, ನಮ್ಮ ತಂದೆಯ ಪಾದದ ಅಳತೆಯ ಆ ಆರು ಮಂದಿ ಯಾರೋ.

ಹನ್ನೆರಡು ವರ್ಷಗಳ ಮೇಲೆ ತಂದೆ ಹಾಸಿಗೆ ಹಿಡಿದರು. ಹೃದಯದ ಬಲ ಕುಂದಿ ಕಾಲುಗಳಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಆಷಾಢದ ಮಳೆ, ಗೋಡೆಗಳೆಲ್ಲ ತೇವ. ಎರಡು ಕಂಬಳಿ ಹೊದೆಸಿದರೂ ಕಾಲು ತಣ್ಣಗೆ, ಇಡೀ ರಾತ್ರಿ ನಿದ್ದೆಯಿಲ್ಲ. ಕಾಲು ಬೆಚ್ಚಗಾದರೆ ನಿದ್ದೆ ತಾನಾಗಿ ಬರುತ್ತದೆ ಎಂಬುದು ಅತ್ತೆಯ ಮತ. ಅದು ಅಜ್ಜಿಯ ಮಾತೆಂದು ನಾನು ಕಡೆಗಣಿಸಿದ್ದೆ. 1999ರಲ್ಲಿ ಬಾಸೆಲ್ ನಗರದ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಅದನ್ನೇ ಬರೆದರು: ಕೈಕಾಲುಗಳ ರಕ್ತನಾಳಗಳು ಹಿಗ್ಗಿ ಅಲ್ಲಿಂದ ಶಾಖ ಹೊರಹೋದಾಗ ಮೈಯ ಒಳಗಿನ ಉಷ್ಣತೆ ಇಳಿಯುತ್ತದೆ, ನಿದ್ದೆ ಬೇಗ ಬರುತ್ತದೆ. ಮತ್ತೆ ಅದೇ ಬಾಸೆಲ್!

ಅತ್ತೆ ಹೆಣೆದದ್ದು ತೀರ ಸರಳವಾದ ಕಾಲುಚೀಲ. ಚಿತ್ತಾರ ಬೇಡ, ಒಳಗೆ ಹಾಯುವ ಬಣ್ಣದ ಎಳೆ ಉಗುರಿಗೆ ಸಿಕ್ಕಿಕೊಳ್ಳುತ್ತದೆ ಎಂದರು. ಮೇಲಿನ ಬಾಯಿಗೆ ಬಿಗಿ ಕೊಡಲಿಲ್ಲ. ಊದಿದ ಕಾಲಿನ ಮೇಲೆ ಗೆರೆ ಬೀಳಬಾರದು. ಹಳೆಯ ದಾರದ ಅಳತೆಗೆ ಮೊದಲ ಜೊತೆ ಹೆಣೆದರು. ಪಾದ ಒಳಗೆ ಹೋಗಲಿಲ್ಲ. ಏನೂ ಹೇಳದೆ ಬಿಚ್ಚಿ ನೂಲನ್ನು ಉಂಡೆ ಮಾಡಿ, ಮತ್ತೆ ಹೆಣೆದರು. ಹತ್ತು ದಿನಗಳಲ್ಲಿ ಅದೂ ಬಿಗಿಯಾಯಿತು. ಮತ್ತೆ ಬಿಚ್ಚಿದರು. "ಎಷ್ಟು ಸಲ ಹೆಣೀತೀಯೇ?" ಎಂದು ತಂದೆ ಕೇಳಿದರೆ, "ನೂಲು ಅದೇ ಅಲ್ವಾ, ಅಣ್ಣಯ್ಯ, ಖರ್ಚೇನಿದೆ?" ಎನ್ನುವರು. ಶ್ರಾವಣದ ಮೊದಲಲ್ಲಿ ಹೆಣೆದ ಕೊನೆಯ ಜೊತೆಯನ್ನು ಹಾಕಿಕೊಂಡು ಅವರು ಮೂರು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಅತ್ತೆಯೂ ಹೋಗಿ ಈಗ ಬಹುಕಾಲವಾಯಿತು. ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಐದು ಉಕ್ಕಿನ ಕಡ್ಡಿಗಳ ಜೊತೆಗೆ ಆ ದಾರವೂ ನನಗೆ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆ. ಉದ್ದದ ಗಂಟು ಒಂದೇ. ಸುತ್ತಳತೆಯವು ಒಂದರ ಮುಂದೊಂದು ಮೂರು ಗಂಟುಗಳಿದ್ದವು.